ಇಳಿಸೋ ಖರ್ಚು ಹೇಳ್ತಾರೆ, ಎತ್ತೋ ಖರ್ಚು?

ಕಳೆದ ತಿಂಗಳು ಚಳ್ಳಕೆರೆಯಿಂದ ನನ್ನ ಚಿಕ್ಕಪ್ಪನ ಮಗಳು ದಾವಣಗೆರೆಗೆ ಬಂದಿದ್ದಳು. 26 ವರ್ಷ. ಮದುವೆ ಗೊತ್ತಾಗಿದೆ, ಬಟ್ಟೆ ತೆಗೆಯೋದಿತ್ತು. ಬೆಣ್ಣೆದೋಸೆ ಬರೋ ಹೊತ್ತಿಗೆ ಆಚೀಚೆ ನೋಡಿ ಫೋನನ್ನು ನನ್ನ ಕಡೆ ತಳ್ಳಿದಳು. ಬೆಂಗಳೂರಿನ ಒಂದು ಕ್ಲಿನಿಕ್‌ನ ಜಾಹೀರಾತು. ಬೆಳಗ್ಗೆ ಬನ್ನಿ, ಸಂಜೆ ಮನೆಗೆ ಹೋಗಿ. ಗಾಯದ ಗುರುತು ಕಾಣೋದಿಲ್ಲ. ಕಂತಿನಲ್ಲಿ ಕಟ್ಟಬಹುದು. ಎದೆಗೆ ಇಂಪ್ಲಾಂಟ್ ಹಾಕಿಸುವ ಆಪರೇಷನ್ ಅದು.

'ಇದರಲ್ಲಿ ರಿಸ್ಕ್ ಏನಾದ್ರೂ ಇದೆಯಾ ಅಕ್ಕ?' ಎಂದು ಕೇಳಿದಳು.

ನಾನು ಡಾಕ್ಟರ್ ಅಲ್ಲ. ಆರೋಗ್ಯದ ವಿಷಯ ಓದಿ ಬರೆಯುವವಳು, ಅಷ್ಟೆ. ಅವಳನ್ನು ಬೈಯಬೇಕು ಅನಿಸಲಿಲ್ಲ. ಅವಳ ದೇಹ, ಅವಳ ದುಡ್ಡು. ಆದರೆ ಜಾಹೀರಾತು ಒಂದು ದಿನದ ಕತೆ ಮಾತ್ರ ಹೇಳುತ್ತಿತ್ತು, ಉಳಿದ ಮೂವತ್ತು ನಲವತ್ತು ವರ್ಷದ ಕತೆ ಅದರಲ್ಲಿ ಇರಲಿಲ್ಲ. ಅದಕ್ಕೇ ಅವಳ ಅಪ್ಪನ ಬೋರ್‌ವೆಲ್ ನೆನಪಾಯಿತು. ಚಿತ್ರದುರ್ಗದ ಕಡೆ ಆರೇಳುನೂರು ಅಡಿಗೆ ಮೋಟರ್ ಇಳಿಸುವ ರೈತ ಇಳಿಸೋ ಖರ್ಚು ಒಂದನ್ನೇ ಕೇಳೋದಿಲ್ಲ. ಕೆಟ್ಟರೆ ಎತ್ತೋದಕ್ಕೆ ಎಷ್ಟು, ಯಾರು ಬರ್ತಾರೆ, ಪೈಪ್ ಕಟ್ಟಾದರೆ ಏನು ಗತಿ, ಎಲ್ಲ ವಿಚಾರಿಸುತ್ತಾನೆ. ಮೋಟರ್ ಒಂದಲ್ಲ ಒಂದು ದಿನ ಮೇಲೆ ಬರಲೇಬೇಕು ಅನ್ನೋದು ಅವನಿಗೆ ಇಳಿಸುವಾಗಲೇ ಗೊತ್ತು.

ಇಂಪ್ಲಾಂಟ್ ಕೂಡ ಹಾಗೆಯೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಅಕ್ಟೋಬರ್‌ನಲ್ಲಿ ಇಂಪ್ಲಾಂಟ್ ಜೊತೆ ಬರುವ ಮಾಹಿತಿ ಪತ್ರದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಕಡ್ಡಾಯ ಮಾಡಿತು. ಇದು ಜೀವನಪೂರ್ತಿ ಬಾಳುವ ಸಾಧನ ಅಲ್ಲ, ಒಳಗೆ ಇದ್ದಷ್ಟೂ ವರ್ಷ ತೊಂದರೆಯ ಸಾಧ್ಯತೆ ಏರುತ್ತಾ ಹೋಗುತ್ತದೆ ಅನ್ನೋದು ಅದರಲ್ಲಿ ಇರಲೇಬೇಕಾದ ಮಾತು. ಎಷ್ಟು ಜನರಿಗೆ ಎತ್ತಿಸುವ ಪ್ರಸಂಗ ಬರುತ್ತದೆ? ಅಂದ ಹೆಚ್ಚಿಸಲು ಹಾಕಿಸಿಕೊಂಡವರಲ್ಲಿ ಐವರಿಗೆ ಒಬ್ಬರವರೆಗೆ 8ರಿಂದ 10 ವರ್ಷದೊಳಗೆ ತೆಗೆಸಬೇಕಾಗುತ್ತದೆ ಎಂದು ಎಫ್‌ಡಿಎ ಹೇಳುತ್ತದೆ. 26ಕ್ಕೆ ಹಾಕಿಸಿದವಳಿಗೆ ಆಗ 36. ಮಕ್ಕಳ ಸ್ಕೂಲ್ ಫೀಸು, ಮನೆ ಸಾಲ ಎಲ್ಲ ಇರುವ ವಯಸ್ಸು.

ಇಷ್ಟಕ್ಕೂ ಒಳಗೆ ಹಾಕೋದು ಏನು? ಒಂದು ಸಿಲಿಕಾನ್ ಚೀಲ. ಅದರಲ್ಲಿ ಸಿಲಿಕಾನ್ ಜೆಲ್ ಇರುತ್ತದೆ, ಇಲ್ಲವೇ ಡ್ರಿಪ್ ಬಾಟಲಿಯಲ್ಲಿ ಇರುವಂಥ ಉಪ್ಪುನೀರು. ಉಪ್ಪುನೀರಿನದು ಅಂದರೆ ಸಿಲಿಕಾನ್ ಇಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ಚೀಲ ಎರಡಕ್ಕೂ ಸಿಲಿಕಾನಿನದೇ. ಮೊದಲ ಸಿಲಿಕಾನ್ ಜೆಲ್ ಇಂಪ್ಲಾಂಟ್ ಹಾಕಿದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ. ಆ ಹೆಣ್ಣುಮಗಳು ಆಸ್ಪತ್ರೆಗೆ ಬಂದಿದ್ದು ಹಚ್ಚೆ ತೆಗೆಸೋದಕ್ಕಂತೆ. ಇಂಪ್ಲಾಂಟ್ ಪ್ರಯೋಗಕ್ಕೆ ಒಪ್ಪುತ್ತೀಯಾ ಎಂದು ಕೇಳಿದ್ದು ಡಾಕ್ಟರುಗಳು. ಈ ಉದ್ಯಮದ ಮೊದಲ ಗಿರಾಕಿ ತಾನಾಗಿ ಬಂದವಳಲ್ಲ ಅನ್ನೋದು ನನಗೆ ಯಾಕೋ ಮರೆಯೋದೇ ಇಲ್ಲ.

ಈಗ ಅಸಲು ವಿಷಯ. ದೇಹದೊಳಗೆ ಹೊರಗಿನ ಯಾವುದೇ ವಸ್ತು ಹೋದರೂ ದೇಹ ಸುಮ್ನೆ ಇರೋದಿಲ್ಲ. ಕಾಲಿಗೆ ಹೊಕ್ಕ ಜಾಲಿ ಮುಳ್ಳಿನ ತುದಿ ಒಳಗೇ ಉಳಿದರೆ ಸುತ್ತ ಗಟ್ಟಿಯಾಗುತ್ತದೆ, ಅಲ್ವಾ? ಇಲ್ಲಿಯೂ ಅದೇ. ಇಂಪ್ಲಾಂಟ್ ಸುತ್ತ ದೇಹ ಒಂದು ಪೊರೆ ಕಟ್ಟುತ್ತದೆ. ಇದು ರೋಗ ಅಲ್ಲ, ಎಲ್ಲರಿಗೂ ಆಗುತ್ತದೆ. ಪೊರೆ ತೆಳುವಾಗಿ, ಮೆತ್ತಗೆ ಇದ್ದರೆ ತೊಂದರೆ ಇಲ್ಲ. ಕೆಲವರಲ್ಲಿ ಅದು ದಪ್ಪಗಾಗಿ ಬಿಗಿಯುತ್ತಾ ಬರುತ್ತದೆ. ಒಳಗಿನ ಚೀಲವನ್ನು ಮುಷ್ಟಿಯಲ್ಲಿ ಹಿಂಡಿದ ಹಾಗೆ. ಎದೆ ಗಟ್ಟಿಯಾಗುತ್ತದೆ, ಆಕಾರ ಕೆಡುತ್ತದೆ, ಕೊನೆಗೆ ನೋವು. ಬಾಣಂತಿಯರು 'ಹಾಲು ಕಟ್ಟಿ ಎದೆ ಕಲ್ಲಾಗಿದೆ' ಅಂತಾರಲ್ಲ, ಆ ಕಲ್ಲು. ಬಾಣಂತಿಯ ಕಲ್ಲು ಮಗು ಹಾಲು ಕುಡಿದರೆ ಕರಗುತ್ತದೆ. ಇದು ಕರಗೋದಿಲ್ಲ.

ಡಾಕ್ಟರುಗಳು ಇದನ್ನು ಬೇಕರ್ ಎಂಬ ನಾಲ್ಕು ಹಂತದ ಅಳತೆಯಲ್ಲಿ ಹೇಳುತ್ತಾರೆ. ಒಂದನೇ ಹಂತದಲ್ಲಿ ಎದೆ ಸಹಜವಾಗಿ ಇರುತ್ತದೆ. ಮೂರಕ್ಕೆ ಬಂದರೆ ಗಟ್ಟಿತನ ಕಣ್ಣಿಗೇ ಕಾಣುತ್ತದೆ, ನಾಲ್ಕರಲ್ಲಿ ನೋವು ಸೇರುತ್ತದೆ. ಮೂರು, ನಾಲ್ಕಕ್ಕೆ ಸಾಮಾನ್ಯವಾಗಿ ಮತ್ತೆ ಕತ್ತರಿ. ಅಮೆರಿಕದ ಒಂದು ದೊಡ್ಡ ಕಂಪನಿ ತನ್ನದೇ ಜೆಲ್ ಇಂಪ್ಲಾಂಟ್ ಹಾಕಿಸಿಕೊಂಡವರನ್ನು 10 ವರ್ಷ ಹಿಂಬಾಲಿಸಿ ಲೆಕ್ಕ ಇಟ್ಟಿತು. ಮೊದಲ ಸಲ ಅಂದಕ್ಕಾಗಿ ಹಾಕಿಸಿದ 100 ಜನರಲ್ಲಿ ಸುಮಾರು 19 ಮಂದಿಗೆ ಈ ಬಿಗಿತ ಬಂದಿತ್ತು. ಸುಮಾರು 36 ಮಂದಿಗೆ ಏನಾದರೊಂದು ಕಾರಣಕ್ಕೆ ಮತ್ತೆ ಆಪರೇಷನ್ ಆಗಿತ್ತು. ಮಾರುವವರೇ ಕೊಟ್ಟ ಲೆಕ್ಕ ಇದು. ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಮತ್ತೆ ಆಪರೇಷನ್ ಟೇಬಲ್ ಮೇಲೆ ಮಲಗುತ್ತಾರೆ ಅನ್ನುವುದು ಜಾಹೀರಾತಿನಲ್ಲಿ ಎಲ್ಲಿದೆ ಹೇಳಿ.

ಪೊರೆ ಬಿಗಿಯುವ ಈ ಕಾಟ ತಪ್ಪಿಸೋಕೆ ಹೋಗಿಯೇ ಇನ್ನೊಂದು ಕಾಟ ಹುಟ್ಟಿತು. ಇಡೀ ವಿಷಯದಲ್ಲಿ ನನಗೆ ಜಾಸ್ತಿ ಪಾಠ ಕಾಣೋದು ಇಲ್ಲಿಯೇ. ನಯವಾದ ಚೀಲದ ಸುತ್ತ ಪೊರೆಯ ಎಳೆಗಳು ಒಂದೇ ದಿಕ್ಕಿಗೆ ಸಾಲಾಗಿ ಕಟ್ಟಿಕೊಂಡು ಬಿಗಿಯುತ್ತವೆ. ಚೀಲದ ಮೈಯನ್ನೇ ಒರಟು ಮಾಡಿದರೆ ಎಳೆಗಳು ಚದುರುತ್ತವೆ, ಬಿಗಿತ ಕಡಿಮೆಯಾಗುತ್ತದೆ, ಚೀಲ ಜಾಗ ಬಿಟ್ಟು ತಿರುಗೋದೂ ಇಲ್ಲ. ಹೀಗೆ ಲೆಕ್ಕ ಹಾಕಿ ಒರಟು ಮೈಯ ಇಂಪ್ಲಾಂಟ್ ತಂದರು. ವರ್ಷಗಟ್ಟಲೆ ಹಾಕಿದರು. 2011ರಲ್ಲಿ ಎಫ್‌ಡಿಎ ಒಂದು ಅನುಮಾನ ಹೇಳಿತು: ಇಂಪ್ಲಾಂಟ್ ಇರುವವರ ಪೊರೆಯಲ್ಲಿ ಒಂದು ಅಪರೂಪದ ಕ್ಯಾನ್ಸರ್ ಕಾಣಿಸುತ್ತಿದೆ. ಇದು ಸ್ತನ ಕ್ಯಾನ್ಸರ್ ಅಲ್ಲ. ರೋಗ ನಿರೋಧಕ ಕಣಗಳ ಕ್ಯಾನ್ಸರ್, ಲಿಂಫೋಮಾ ಜಾತಿಯದು. ಡಾಕ್ಟರುಗಳ ಬಾಯಲ್ಲಿ ಬಿಐಎ-ಎಎಲ್‌ಸಿಎಲ್. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಒಂದು ಪ್ರತ್ಯೇಕ ರೋಗ ಎಂದು ಒಪ್ಪಿಕೊಂಡಿತು.

ಲೆಕ್ಕ ಹಾಕುತ್ತಾ ಹೋದಾಗ ಬಹುಪಾಲು ರೋಗಿಗಳಲ್ಲಿ ಸಿಕ್ಕಿದ್ದು ಒರಟು ಮೈಯ ಚೀಲ. 2019ರ ಏಪ್ರಿಲ್‌ನಲ್ಲಿ ಫ್ರಾನ್ಸ್ ಹಲವು ಒರಟು ಇಂಪ್ಲಾಂಟ್‌ಗಳನ್ನು ನಿಷೇಧಿಸಿತು. ಜುಲೈನಲ್ಲಿ ಅಲರ್ಗನ್ ಕಂಪನಿ ಎಫ್‌ಡಿಎ ಮಾತಿನ ಮೇಲೆ ತನ್ನ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಆ ಹೊತ್ತಿಗೆ ಎಫ್‌ಡಿಎ ಲೆಕ್ಕದಲ್ಲಿ ಜಗತ್ತಿನಲ್ಲಿ 573 ಜನರಿಗೆ ಈ ರೋಗ ಬಂದಿತ್ತು, 33 ಜನ ಸತ್ತಿದ್ದರು. 573ರಲ್ಲಿ 481 ಮಂದಿಗೆ ಹಾಕಿದ್ದು ಅದೇ ಕಂಪನಿಯ ಇಂಪ್ಲಾಂಟ್.

ಹೆದರಿಸೋದಕ್ಕೆ ಇದನ್ನು ಬರೆಯುತ್ತಿಲ್ಲ. ಲಕ್ಷಾಂತರ ಹೆಂಗಸರು ಇಂಪ್ಲಾಂಟ್ ಹಾಕಿಸಿಕೊಂಡಿದ್ದಾರೆ. ಅವರಲ್ಲಿ ಈ ಕ್ಯಾನ್ಸರ್ ಬರುವುದು ಕೆಲವು ಸಾವಿರಕ್ಕೆ ಒಬ್ಬರಿಗೆ ಎಂಬಲ್ಲಿಂದ 30,000ಕ್ಕೆ ಒಬ್ಬರಿಗೆ ಎಂಬಲ್ಲಿವರೆಗೆ ಅಂದಾಜುಗಳಿವೆ. ಬೇಗ ಗೊತ್ತಾದರೆ ಇಂಪ್ಲಾಂಟ್ ಜೊತೆ ಪೊರೆಯನ್ನೂ ಪೂರ್ತಿ ತೆಗೆದರೆ ಬಹುತೇಕರು ಗುಣವಾಗುತ್ತಾರೆ. ಒರಟು ಇಂಪ್ಲಾಂಟ್ ಇದೆ, ತೊಂದರೆ ಏನೂ ಇಲ್ಲ ಅಂದರೆ ಓಡಿಹೋಗಿ ತೆಗೆಸಬೇಡಿ ಎಂದು ಎಫ್‌ಡಿಎಯೇ ಹೇಳಿದೆ. ನನ್ನ ಚಿಂತೆ ಬೇರೆ. 'ಬೇಗ ಗೊತ್ತಾದರೆ' ಅನ್ನೋ ಮಾತು ನಮ್ಮೂರಲ್ಲಿ ಎಷ್ಟು ನಡೆಯುತ್ತದೆ?

ಈ ರೋಗ ಸಾಮಾನ್ಯವಾಗಿ ತೋರಿಸಿಕೊಳ್ಳೋದು ಹೀಗೆ: ಆಪರೇಷನ್ ಆಗಿ ಏಳೆಂಟು ವರ್ಷ ಕಳೆದಿದೆ, ಇದ್ದಕ್ಕಿದ್ದಂತೆ ಒಂದು ಕಡೆ ಎದೆ ಊದಿಕೊಳ್ಳುತ್ತದೆ, ಇಂಪ್ಲಾಂಟ್ ಸುತ್ತ ನೀರು ತುಂಬುತ್ತದೆ. ಆಪರೇಷನ್ ಮಾಡಿದ ಡಾಕ್ಟರ್ ಬೆಂಗಳೂರಲ್ಲಿ. ಆ ಕ್ಲಿನಿಕ್ ಅಷ್ಟರಲ್ಲಿ ಹೆಸರು ಬದಲಿಸಿರಬಹುದು. ಇವಳು ಹೋಗೋದು ಹತ್ತಿರದ ಡಾಕ್ಟರ ಹತ್ತಿರ. ಇಂಪ್ಲಾಂಟ್ ವಿಷಯ ಹೇಳೋಕೆ ನಾಚಿಕೆ. ಅತ್ತೆ ಜೊತೆಗೆ ಬಂದಿದ್ದರಂತೂ ಮುಗಿಯಿತು. ಡಾಕ್ಟರ್ ಬಾವು ಅಂದುಕೊಂಡು ಆಂಟಿಬಯೋಟಿಕ್ ಬರೆಯುತ್ತಾರೆ, ಜಾಸ್ತಿ ಆದರೆ ನೀರು ತೆಗೆದು ಚೆಲ್ಲುತ್ತಾರೆ. ಚೆಲ್ಲಬಾರದ್ದು ಆ ನೀರೇ. ಅದು ಪೆಥಾಲಜಿ ಲ್ಯಾಬಿಗೆ ಹೋಗಬೇಕು, ಈ ಕ್ಯಾನ್ಸರ್‌ನ ಕಣಗಳ ಮೇಲೆ ಇರುವ ಸಿಡಿ30 ಎಂಬ ಗುರುತು ಇದೆಯಾ ಎಂದು ನೋಡಬೇಕು. ಹಾಗೆ ನೋಡಬೇಕು ಅಂತ ಹೊಳೆಯಬೇಕಾದರೆ ಒಳಗೆ ಇಂಪ್ಲಾಂಟ್ ಇದೆ ಅನ್ನೋದು ಡಾಕ್ಟರಿಗೆ ಗೊತ್ತಿರಬೇಕು.

ನಮ್ಮಲ್ಲಿ ಈ ಅಂಗಕ್ಕೆ ಹೆಸರು ಹೇಳೋದೇ ಕಷ್ಟ. 'ಸ್ತನ' ಪುಸ್ತಕದ ಮಾತು. ಉಳಿದದ್ದೆಲ್ಲ ಬೈಗುಳದ ಮಾತು. ಹೆಂಗಸರು 'ಎದೆ' ಅನ್ನುತ್ತಾರೆ, ಇಲ್ಲದಿದ್ದರೆ 'ಈ ಕಡೆ' ಅಂತ ಕೈ ತೋರಿಸುತ್ತಾರೆ. ಎದೆನೋವು ಅಂದ ಹೆಂಗಸಿಗೆ ಇಸಿಜಿ ಮಾಡಿಸಿ ಕಳಿಸಿದ ಕತೆ ನಾನೇ ಕೇಳಿದ್ದೇನೆ. ಅವಳಿಗೆ ಇದ್ದಿದ್ದು ಗಂಟು.

ಒಡೆಯುವ ವಿಷಯಕ್ಕೆ ಬರೋಣ. ಉಪ್ಪುನೀರಿನ ಚೀಲ ಒಡೆದರೆ ಒಂದೆರಡು ದಿನದಲ್ಲಿ ಗೊತ್ತಾಗಿಬಿಡುತ್ತದೆ. ಗಾಳಿ ಹೋದ ಬಲೂನಿನಂತೆ ಆ ಕಡೆ ಇಳಿಯುತ್ತದೆ. ನೀರನ್ನು ದೇಹ ಹೀರಿಕೊಳ್ಳುತ್ತದೆ. ಜೆಲ್ ಚೀಲ ಹಾಗಲ್ಲ. ಈಗಿನ ಜೆಲ್ ಗಟ್ಟಿ, ಒಡೆದರೂ ಅಲ್ಲೇ ಕೂತಿರುತ್ತದೆ. ನೋವಿಲ್ಲ, ಆಕಾರವೂ ಹಾಗೇ ಇರುತ್ತದೆ. ಡಾಕ್ಟರ್ ಕೈಯಿಂದ ಮುಟ್ಟಿ ನೋಡಿದರೂ ತಿಳಿಯದೇ ಹೋಗಬಹುದು. ಇದಕ್ಕೆ ಸದ್ದಿಲ್ಲದ ಒಡಕು ಅಂತಲೇ ಹೆಸರು. ಅದಕ್ಕೇ ಜೆಲ್ ಇಂಪ್ಲಾಂಟ್ ಹಾಕಿಸಿದವರು ಏನೂ ತೊಂದರೆ ಇಲ್ಲದಿದ್ದರೂ 5-6 ವರ್ಷಕ್ಕೆ ಮೊದಲ ಸಲ, ಆಮೇಲೆ 2-3 ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಮಾಡಿಸಬೇಕು ಎಂದು ಎಫ್‌ಡಿಎ ಹೇಳುತ್ತದೆ. 26ಕ್ಕೆ ಹಾಕಿಸಿ 60ರವರೆಗೆ ಇಟ್ಟುಕೊಂಡರೆ ಹತ್ತಕ್ಕೂ ಹೆಚ್ಚು ಸ್ಕ್ಯಾನು. ಅಷ್ಟರಲ್ಲಿ ಇಂಪ್ಲಾಂಟ್ ಕನಿಷ್ಠ ಒಂದೆರಡು ಸಲ ಬದಲಾಗಿರುತ್ತದೆ ಅನ್ನೋದು ಬೇರೆ ಮಾತು. ಇದಕ್ಕೆ ಯಾವ ಕ್ಲಿನಿಕ್ಕೂ ಕಂತಿನ ಪಟ್ಟಿ ಕೊಡೋದಿಲ್ಲ.

ಇದರ ಮೇಲೆ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್‌ರೇ. ಸ್ತನ ಕ್ಯಾನ್ಸರ್ ಈಗ ಭಾರತದ ಹೆಂಗಸರಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಕ್ಯಾನ್ಸರ್. 2022ರ ಜಾಗತಿಕ ಅಂದಾಜಿನಲ್ಲಿ ನಮ್ಮ ದೇಶದಲ್ಲಿ ಸುಮಾರು 1.9 ಲಕ್ಷ ಹೊಸ ರೋಗಿಗಳು. ಇಂಪ್ಲಾಂಟ್‌ನಿಂದ ಮಾಮೂಲಿ ಸ್ತನ ಕ್ಯಾನ್ಸರ್ ಜಾಸ್ತಿ ಬರುತ್ತದೆ ಎಂದು ಅಧ್ಯಯನಗಳು ತೋರಿಸಿಲ್ಲ. ಆದರೆ ಬಂದಾಗ ಹುಡುಕೋದು ಕಷ್ಟ. ಇಂಪ್ಲಾಂಟ್ ಎಕ್ಸ್‌ರೇಯಲ್ಲಿ ಬಿಳಿ ಗೋಡೆಯ ಹಾಗೆ ನಿಂತು ಹಿಂದಿನ ಭಾಗ ಮುಚ್ಚುತ್ತದೆ. ಅದನ್ನು ಹಿಂದಕ್ಕೆ ತಳ್ಳಿ, ಸ್ತನದ ಭಾಗ ಮುಂದಕ್ಕೆ ಎಳೆದು ಹೆಚ್ಚುವರಿ ಚಿತ್ರ ತೆಗೆಯುವ ವಿಧಾನ ಇದೆ. ತೆಗೆಯುವವರಿಗೆ ಅಭ್ಯಾಸ ಬೇಕು, ಮೊದಲೇ ಹೇಳಿಯೂ ಇರಬೇಕು. ಗಂಟು ಸಿಕ್ಕರೆ ನಮ್ಮ ಕಡೆ ಮೊದಲ ಕೆಲಸ ಎಫ್‌ಎನ್‌ಎಸಿ, ಅಂದರೆ ಸೂಜಿ ಚುಚ್ಚಿ ಕಣ ತೆಗೆಯೋದು. ಇಂಪ್ಲಾಂಟ್ ಇದ್ದವರಿಗೆ ಸ್ಕ್ಯಾನಿಂಗ್ ನೋಡುತ್ತಲೇ ಚುಚ್ಚಬೇಕು. ಅಂದಾಜಿನ ಮೇಲೆ ಚುಚ್ಚಿದರೆ ಚೀಲಕ್ಕೇ ತೂತು.

ಆಪರೇಷನ್ ಆದ ಮೊದಲ ವಾರಗಳ ತೊಂದರೆಗಳು ಬೇರೆ ಆಪರೇಷನ್‌ಗಳಂತೆಯೇ: ರಕ್ತ ಹೆಪ್ಪುಗಟ್ಟೋದು, ಸೋಂಕು, ಅರಿವಳಿಕೆಯ ಅಪಾಯ. ಬೀಡಿ ಸಿಗರೇಟು ಸೇದುವವರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಗಾಯ ಮಾಯೋದು ತಡ. ಮೊಲೆತೊಟ್ಟಿನ ಸ್ಪರ್ಶ ಕಡಿಮೆ ಆಗಬಹುದು, ಕೆಲವರಿಗೆ ಅದು ಮರಳಿ ಬರೋದೇ ಇಲ್ಲ. ಕೊಯ್ಯುವ ಜಾಗದ ಮೇಲೆ ಹಾಲುಣಿಸುವ ಶಕ್ತಿಯೂ ನಿಂತಿದೆ. ತೊಟ್ಟಿನ ಸುತ್ತ ಕೊಯ್ದರೆ ಹಾಲಿನ ನಾಳಕ್ಕೆ ಪೆಟ್ಟು ಬೀಳುವ ಸಾಧ್ಯತೆ ಜಾಸ್ತಿ, ಸ್ತನದ ಕೆಳಗಿನ ಮಡಿಕೆಯಲ್ಲಿ ಕೊಯ್ದರೆ ಕಡಿಮೆ. ಮದುವೆ ಗೊತ್ತಾದ ಹುಡುಗಿ ಕೇಳಲೇಬೇಕಾದ ಪ್ರಶ್ನೆ ಇದು. ಕೇಳೋಕೆ ನಾಚಿಕೆಪಡುವುದೂ ಇದನ್ನೇ.

ಇನ್ನು ಜಗಳದ ವಿಷಯ. ಇಂಪ್ಲಾಂಟ್ ಹಾಕಿಸಿದ ಮೇಲೆ ವಿಪರೀತ ಸುಸ್ತು, ಕೀಲು ನೋವು, ಕೂದಲು ಉದುರೋದು, ತಲೆಗೆ ಮಂಜು ಕವಿದಂತಾಗಿ ಯಾವುದೂ ನೆನಪಿರದೆ ಇರೋದು ಎಂದು ಸಾವಿರಾರು ಹೆಂಗಸರು ಹೇಳುತ್ತಿದ್ದಾರೆ. ಈ ದೂರು ಹಳೆಯದು. 1992ರಲ್ಲಿ ಅಮೆರಿಕದಲ್ಲಿ ಅಂದಕ್ಕಾಗಿ ಸಿಲಿಕಾನ್ ಜೆಲ್ ಇಂಪ್ಲಾಂಟ್ ಹಾಕೋದನ್ನೇ ನಿಲ್ಲಿಸಿದ್ದರು. ದೊಡ್ಡ ತಯಾರಕ ಕಂಪನಿ ಡೌ ಕಾರ್ನಿಂಗ್ ಕೇಸುಗಳ ಭಾರಕ್ಕೆ 1995ರಲ್ಲಿ ದಿವಾಳಿ ಅರ್ಜಿ ಹಾಕಿತು. 1999ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಎಲ್ಲ ಅಧ್ಯಯನ ಜೋಡಿಸಿ ನೋಡಿ, ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಲೂಪಸ್‌ನಂಥ ಕಾಯಿಲೆಗೂ ಇಂಪ್ಲಾಂಟ್‌ಗೂ ಸಂಬಂಧ ಇದೆ ಅನ್ನಲು ಪುರಾವೆ ಸಾಲದು, ನಿಜವಾದ ತೊಂದರೆ ಬಿಗಿತ, ಒಡಕು, ಮರು ಆಪರೇಷನ್ ಎಂದಿತು. 2006ರಲ್ಲಿ ಜೆಲ್ ಇಂಪ್ಲಾಂಟ್ ಮತ್ತೆ ಮಾರುಕಟ್ಟೆಗೆ ಬಂತು, ಅಂದಕ್ಕಾದರೆ 22 ವರ್ಷ ತುಂಬಿರಬೇಕು ಎಂಬ ಷರತ್ತಿನೊಂದಿಗೆ.

ಹಾಗಾದರೆ ಆ ಹೆಂಗಸರು ಸುಳ್ಳು ಹೇಳುತ್ತಿದ್ದಾರಾ? ಹಾಗೆ ಹೇಳಿ ಕೈತೊಳೆದುಕೊಳ್ಳುವ ಕಾಲ ಮುಗಿಯಿತು. 2021ರ ಎಚ್ಚರಿಕೆಯಲ್ಲಿ ಈ ಲಕ್ಷಣಗಳಿಗೂ ಜಾಗ ಸಿಕ್ಕಿದೆ. ತೆಗೆಸಿದ ಮೇಲೆ ತುಂಬಾ ಜನರಿಗೆ ಹಗುರವಾಗಿದೆ. ಕಾರಣ ಇದೇ ಎಂದು ತೋರಿಸುವ ರಕ್ತ ಪರೀಕ್ಷೆ ಇಲ್ಲ. ಸುಸ್ತು, ಕೀಲು ನೋವು ಥೈರಾಯ್ಡ್‌ಗೂ ಬರುತ್ತದೆ, ರಕ್ತ ಕಡಿಮೆ ಆದರೂ ಬರುತ್ತದೆ. ನನ್ನ ಮಟ್ಟಿಗೆ, ಪುರಾವೆ ಪೂರ್ತಿ ಸಿಗುವವರೆಗೂ ನೋವು ಹೇಳುವವಳನ್ನು ನಂಬಿಕೊಂಡು ಹುಡುಕೋದು ಸರಿಯಾದ ದಾರಿ. 2022ರ ಸೆಪ್ಟೆಂಬರ್‌ನಲ್ಲಿ ಎಫ್‌ಡಿಎ ಇನ್ನೊಂದು ವಿಷಯ ಸೇರಿಸಿತು: ಪೊರೆಯಲ್ಲಿ ಸ್ಕ್ವೇಮಸ್ ಸೆಲ್ ಕ್ಯಾನ್ಸರ್. ಮುಂದಿನ ಮಾರ್ಚ್ ಹೊತ್ತಿಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಸಿಕ್ಕಿದ್ದು 19 ಪ್ರಕರಣ. ತೀರಾ ಅಪರೂಪ. ಇದು ನಯವಾದ ಚೀಲದ ಸುತ್ತಲೂ ಕಂಡಿದೆ. ಹಾಗಾಗಿ 'ನಮ್ಮದು ಸ್ಮೂತ್, ಚಿಂತೆ ಬೇಡ' ಅಂತ ಯಾರಾದರೂ ಅಂದರೆ ಆ ಮಾತಿಗೆ ಅರ್ಧ ಬೆಲೆ ಕೊಟ್ಟರೆ ಸಾಕು.

ಹಾಕಿದ ಇಂಪ್ಲಾಂಟ್ ಯಾವುದು ಅಂತ ಬರೆದುಕೊಡುವ ಕಾರ್ಡಿನ ವಿಷಯ ಹೇಳಲೇಬೇಕು. ಫ್ರಾನ್ಸ್‌ನಲ್ಲಿ ಪಿಐಪಿ ಎಂಬ ಕಂಪನಿ ಇತ್ತು. ಯುರೋಪಿನ ಗುಣಮಟ್ಟದ ಮುದ್ರೆ ಅದರ ಮಾಲಿನ ಮೇಲೆ ಇತ್ತು. ಒಳಗೆ ತುಂಬುತ್ತಿದ್ದದ್ದು ವೈದ್ಯಕೀಯ ಸಿಲಿಕಾನ್ ಅಲ್ಲ, ಕಾರ್ಖಾನೆ ಬಳಕೆಯ ಅಗ್ಗದ ಸಿಲಿಕಾನ್. 2010ರ ಮಾರ್ಚ್‌ನಲ್ಲಿ ಇದು ಬಯಲಾಯಿತು. ಅಷ್ಟರಲ್ಲಿ ಸುಮಾರು 65 ದೇಶಗಳ 3 ಲಕ್ಷದಷ್ಟು ಹೆಂಗಸರ ಮೈಯೊಳಗೆ ಅದು ಸೇರಿತ್ತು. 2011ರ ಕೊನೆಗೆ ಫ್ರೆಂಚ್ ಸರ್ಕಾರ ತನ್ನ ದೇಶದ ಸುಮಾರು 30,000 ಹೆಂಗಸರಿಗೆ ತೆಗೆಸಿಕೊಳ್ಳಿ ಎಂದಿತು. ಕಂಪನಿ ಕಟ್ಟಿದವನಿಗೆ 2013ರಲ್ಲಿ 4 ವರ್ಷ ಜೈಲು ಶಿಕ್ಷೆ ಆಯಿತು. ಆ ದಿನಗಳಲ್ಲಿ ಎಷ್ಟೋ ಹೆಂಗಸರಿಗೆ ತಮ್ಮ ಒಳಗೆ ಇರೋದು ಯಾವ ಕಂಪನಿಯದು ಅಂತಲೇ ಗೊತ್ತಿರಲಿಲ್ಲ.

ನಾವು ಮಿಕ್ಸಿ ತಂದರೆ ವಾರಂಟಿ ಕಾರ್ಡ್ ಬೀರುವಿನಲ್ಲಿ ಇಡುತ್ತೇವೆ. ಟ್ರ್ಯಾಕ್ಟರ್‌ನ ಚಾಸಿಸ್ ನಂಬರ್ ಚಿಕ್ಕಪ್ಪನಿಗೆ ಬಾಯಿಪಾಠ. ಇಂಪ್ಲಾಂಟ್ ಡಬ್ಬಿಯ ಮೇಲೂ ಕಂಪನಿ, ಮಾದರಿ, ಗಾತ್ರ, ಸೀರಿಯಲ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಒಂದು ಕೇಸ್ ಶೀಟಿಗೆ, ಒಂದು ನಿಮ್ಮ ಕೈಯಲ್ಲಿರುವ ಕಾರ್ಡಿಗೆ. ಮುಂದೆ ಆ ಮಾಲು ವಾಪಸ್ ಪಡೆದರೆ ನಿಮ್ಮನ್ನು ಹುಡುಕೋದು, ಅಥವಾ ನೀವೇ ನಿಮ್ಮನ್ನು ಹುಡುಕಿಕೊಳ್ಳೋದು, ಆ ನಂಬರಿನಿಂದಲೇ. ಕಾರ್ಡ್ ಕೊಡೋದಿಲ್ಲ ಅನ್ನುವ ಕಡೆ ಆಪರೇಷನ್ ಮಾಡಿಸಲೇಬಾರದು. ಈ ಒಂದು ವಿಷಯದಲ್ಲಿ ನಾನು ಹಟಮಾರಿ.

ಇಲ್ಲಿಯವರೆಗೆ ಅಂದದ ಮಾತಾಯಿತು. ಇಂಪ್ಲಾಂಟ್ ಬೇಕಾಗುವ ಇನ್ನೊಂದು ಗುಂಪಿದೆ, ಕ್ಯಾನ್ಸರ್‌ಗೆ ಸ್ತನ ತೆಗೆಸಿಕೊಂಡವರು. ನನ್ನ ಸೋದರತ್ತೆ ಒಬ್ಬರಿಗೆ ಹಾಗಾಯಿತು. ಹಳೆಯ ಕಾಟನ್ ಸೀರೆ ಮಡಚಿ ಬ್ರಾ ಒಳಗೆ ಹೊಲಿದುಕೊಂಡು ಹನ್ನೆರಡು ವರ್ಷ ಓಡಾಡಿದರು. ಮತ್ತೆ ಕಟ್ಟಿಕೊಡಬಹುದು ಎಂದು ಅವರಿಗೆ ಯಾರೂ ಹೇಳಲೇ ಇಲ್ಲ. ಹೇಳಿದ್ದರೂ ಬೇಡ ಅಂತಿದ್ದರೇನೋ. ಆದರೆ ಬೇಡ ಅನ್ನೋಕಾದರೂ ಮೊದಲು ಗೊತ್ತಿರಬೇಕಲ್ಲ.

ಇವರ ಲೆಕ್ಕ ಬೇರೆ. ಲಾಭವೂ ಬೇರೆ ತೂಕದ್ದು, ಅಪಾಯವೂ ಜಾಸ್ತಿ. ಮೇಲೆ ಹೇಳಿದ ಅದೇ 10 ವರ್ಷದ ಅಧ್ಯಯನದಲ್ಲಿ ಹೀಗೆ ಮರಳಿ ಕಟ್ಟಿಸಿಕೊಂಡ 100ರಲ್ಲಿ 70ಕ್ಕೂ ಹೆಚ್ಚು ಮಂದಿಗೆ ಮತ್ತೆ ಆಪರೇಷನ್ ಆಗಿತ್ತು. ಚರ್ಮ ತೆಳುವಾಗಿರುತ್ತದೆ. ರೇಡಿಯೇಷನ್ ಕೊಟ್ಟಿದ್ದರೆ ಪೊರೆ ಬಿಗಿಯೋದು, ಗಾಯ ಬಿಚ್ಚಿಕೊಳ್ಳೋದು ಇನ್ನೂ ಹೆಚ್ಚು. ಹೊಟ್ಟೆಯ ಅಥವಾ ಬೆನ್ನಿನ ಸ್ವಂತ ಮಾಂಸದಿಂದಲೇ ಕಟ್ಟುವ ವಿಧಾನ ಇದೆ. ಆಪರೇಷನ್ ದೊಡ್ಡದು, ತಾಸುಗಟ್ಟಲೆ ಹಿಡಿಯುತ್ತದೆ, ನುರಿತ ಕೈ ಬೇಕು. ಆದರೆ ಎತ್ತಬೇಕಾದ ಮೋಟರ್ ಒಳಗೆ ಇರೋದಿಲ್ಲ. ಏನೂ ಮಾಡಿಸದೆ ಹೊರಗಿನಿಂದ ತೊಡುವ ಸಿಲಿಕಾನ್ ಅಥವಾ ಹತ್ತಿಯ ಸ್ತನವೂ ಇದೆ. ಸೋದರತ್ತೆಯ ಹೊಲಿಗೆ ಅದರದೇ ಬಡ ರೂಪ.

ಕಾನೂನು ಈ ಎರಡು ಗುಂಪನ್ನು ಬೇರೆಬೇರೆಯಾಗಿಯೇ ನೋಡುತ್ತದೆ. ಆರೋಗ್ಯ ವಿಮೆಯ ನಿಯಮದಲ್ಲಿ ಅಂದದ ಆಪರೇಷನ್‌ಗೆ ದುಡ್ಡಿಲ್ಲ. ಆದರೆ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲೆ ಮರಳಿ ಕಟ್ಟುವುದಕ್ಕೆ ಆ ತಡೆ ಇಲ್ಲ. ಕ್ಯಾನ್ಸರ್ ರೋಗಿಗಳ ಮನೆಯವರು ಈ ಸಾಲನ್ನು ಪಾಲಿಸಿಯಲ್ಲಿ ಹುಡುಕಿ ಓದಬೇಕು, ಬಹಳ ಜನ ಓದದೆ ಬಿಡುತ್ತಾರೆ. ಅಂದಕ್ಕೆ ಮಾಡಿಸಿದರೆ ಬಿಲ್ಲಿನ ಮೇಲೆ ಜಿಎಸ್‌ಟಿಯೂ ಬೀಳುತ್ತದೆ.

ದಾವಣಗೆರೆ ಮೆಡಿಕಲ್ ಕಾಲೇಜುಗಳ ಊರು. ಜೆಜೆಎಂ ಶುರುವಾಗಿದ್ದು 1965ರಲ್ಲಿ. ಚಿಗಟೇರಿ ಆಸ್ಪತ್ರೆಗೆ ಸುತ್ತಲ ನಾಲ್ಕೈದು ಜಿಲ್ಲೆಗಳ ಜನ ಬರುತ್ತಾರೆ. ಡಾಕ್ಟರುಗಳಿಗೆ ಇಲ್ಲಿ ಬರ ಇಲ್ಲ. ಆದರೂ ಈ ಆಪರೇಷನ್‌ಗೆ ಜನ ಬೆಂಗಳೂರನ್ನೇ ಆರಿಸುತ್ತಾರೆ. ಕಾರಣ ಗುಟ್ಟು. ಇಲ್ಲಾದರೆ ಆಸ್ಪತ್ರೆಯ ಕಾರಿಡಾರ್‌ನಲ್ಲಿ ಯಾರಾದರೂ ನೆಂಟರು ಸಿಕ್ಕೇ ಸಿಗುತ್ತಾರೆ. ವಂದೇ ಭಾರತ್ ಹತ್ತಿದರೆ ಬೆಂಗಳೂರು ಈಗ ದೂರವೂ ಅಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಗಾಯದಿಂದ ರಕ್ತ ಬಂದರೆ 260 ಕಿಲೋಮೀಟರ್ ದೂರವೇ. ಗುಟ್ಟಾಗಿ ಮಾಡಿಸಿದ್ದಕ್ಕೆ ಮನೆಯವರನ್ನೂ ಎಬ್ಬಿಸೋ ಹಾಗಿಲ್ಲ. 2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆಯ ಯುವ ನಟಿಯೊಬ್ಬರು ಬೆಂಗಳೂರಿನಲ್ಲಿ ಕೊಬ್ಬು ಕರಗಿಸುವ ಆಪರೇಷನ್‌ಗೆ ಹೋಗಿ ತೀರಿಕೊಂಡಿದ್ದು ನೆನಪಿದೆಯಾ? ಅದು ಇಂಪ್ಲಾಂಟ್ ಅಲ್ಲ, ಬೇರೆ ಆಪರೇಷನ್. ಮನೆಯವರಿಗೆ ಹೇಳದೇ ಹೋಗಿದ್ದರು ಎಂದು ಆಗ ಸುದ್ದಿಯಾಗಿತ್ತು. ನನ್ನನ್ನು ಕಾಡಿದ್ದು ಆ ಭಾಗ.

ಹೋಗೋದೇ ಆದರೆ ನೋಡಬೇಕಾದ್ದು ಕ್ಲಿನಿಕ್‌ನ ಸೋಫಾ, ಲೈಟು ಅಲ್ಲ. ಡಾಕ್ಟರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಇದೆಯಾ? 'ಕಾಸ್ಮೆಟಿಕ್ ಎಕ್ಸ್‌ಪರ್ಟ್' ಅನ್ನೋದು ಡಿಗ್ರಿ ಅಲ್ಲ. ಕ್ಲಿನಿಕ್‌ಗೆ ಕೆಪಿಎಂಇ ನೋಂದಣಿ ಇದೆಯಾ? ಕರ್ನಾಟಕದಲ್ಲಿ 2007ರ ಕಾಯ್ದೆ ಪ್ರಕಾರ ಖಾಸಗಿ ಆಸ್ಪತ್ರೆಗೆ ಅದು ಬೇಕೇ ಬೇಕು. ಅರಿವಳಿಕೆ ಕೊಡೋರು ಯಾರು, ಆರೋಗ್ಯ ಹದಗೆಟ್ಟರೆ ಯಾವ ಐಸಿಯುಗೆ ಒಯ್ಯುತ್ತಾರೆ, ಹತ್ತು ವರ್ಷದ ಮೇಲೆ ತೆಗೆಯೋಕೆ ಎಷ್ಟಾಗುತ್ತದೆ, ಇವನ್ನು ಕೇಳಿದಾಗ ಎದುರಿನವರ ಮುಖ ಹೇಗಾಗುತ್ತದೆ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಆಪರೇಷನ್‌ಗೆ ಹೆದರಿ ಇನ್ನೂ ಕೆಟ್ಟ ದಾರಿ ಹಿಡಿಯುವವರೂ ಇದ್ದಾರೆ. ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ, ಈಗ ಫೋನಿನಲ್ಲಿ, ಎದೆ ಬೆಳೆಸುವ ಎಣ್ಣೆ, ಕ್ರೀಂ, ಮಾತ್ರೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಹೆಣ್ಣಿನ ಎದೆಯ ಆಕಾರ ಅನ್ನೋ ವಿಷಯ ಹೆಸರು ಹಿಡಿದೇ ಇದೆ. ಅದಕ್ಕೆ ಔಷಧ ಇದೆ ಎಂದು ಜಾಹೀರಾತು ಕೊಡೋದೇ ಅಪರಾಧ. 70 ವರ್ಷದ ಕಾನೂನು ಇದ್ದೂ ಗೋಡೆಗಳು ತುಂಬಿವೆ. ಅದಕ್ಕಿಂತ ಭಯದ್ದು ಇಂಜೆಕ್ಷನ್. ದ್ರವ ಸಿಲಿಕಾನನ್ನು ನೇರವಾಗಿ ಎದೆಗೆ ಚುಚ್ಚುವುದು ಎಲ್ಲೂ ಒಪ್ಪಿತವಲ್ಲ. ಚೀಲವನ್ನಾದರೂ ಎತ್ತಬಹುದು, ಮಾಂಸದೊಳಗೆ ಹರಡಿದ್ದನ್ನು ಯಾರು ಎತ್ತುತ್ತಾರೆ? ರಕ್ತನಾಳಕ್ಕೆ ಹೋದರೆ ಜೀವವೇ ಹೋಗಬಹುದು. ಸ್ವಂತ ಕೊಬ್ಬನ್ನೇ ತೆಗೆದು ತುಂಬುವ ವಿಧಾನ ಬೇರೆ, ಅದನ್ನು ಪ್ಲಾಸ್ಟಿಕ್ ಸರ್ಜನ್‌ಗಳು ಮಾಡುತ್ತಾರೆ. ಅದರಲ್ಲೂ ಒಂದಷ್ಟು ಕೊಬ್ಬು ಕರಗಿಹೋಗುತ್ತದೆ, ಕೆಲವೊಮ್ಮೆ ಗಟ್ಟಿ ಗಂಟಾಗಿ ಉಳಿದು ಮ್ಯಾಮೊಗ್ರಾಂನಲ್ಲಿ ಗೊಂದಲ ಮಾಡುತ್ತದೆ.

ಈಗಾಗಲೇ ಹಾಕಿಸಿಕೊಂಡವರು ಇದನ್ನು ಓದುತ್ತಿದ್ದರೆ ಗಾಬರಿ ಬೇಡ. ಹಳೆಯ ಡಿಸ್ಚಾರ್ಜ್ ಶೀಟ್ ಹುಡುಕಿ ತೆಗೆದಿಡಿ. ಊತ, ಹೊಸ ಗಂಟು, ಆಕಾರದಲ್ಲಿ ಬದಲಾವಣೆ, ಕಂಕುಳಲ್ಲಿ ಗಡ್ಡೆ ಕಂಡರೆ ಡಾಕ್ಟರಿಗೆ ಮೊದಲ ಮಾತೇ 'ನನಗೆ ಇಂಪ್ಲಾಂಟ್ ಇದೆ' ಅಂತ ಇರಲಿ. ಸಾಧನದಿಂದ ತೊಂದರೆ ಆದರೆ ದೂರು ಕೊಡಲು ದೇಶದಲ್ಲಿ 2015ರಿಂದ ಮೆಟೀರಿಯೋವಿಜಿಲೆನ್ಸ್ ಎಂಬ ವ್ಯವಸ್ಥೆ ಇದೆ. ರೋಗಿಯೂ ದೂರು ಕೊಡಬಹುದು. 1800-180-3024 ಶುಲ್ಕ ಇಲ್ಲದ ನಂಬರು. ಅಮೆರಿಕ, ಫ್ರಾನ್ಸಿನ ಲೆಕ್ಕವನ್ನೇ ನಾನು ಇಲ್ಲಿ ಉದ್ದಕ್ಕೂ ಹೇಳಿದೆ, ಗಮನಿಸಿದಿರಾ? ಅಲ್ಲಿನ ಹೆಂಗಸರು ದೂರು ಕೊಟ್ಟರು, ಯಾರೋ ಕೂತು ಎಣಿಸಿದರು.

ಚಿಕ್ಕಪ್ಪನ ಮಗಳಿಗೆ ಇಷ್ಟೂ ದೋಸೆ ಹೋಟೆಲಿನಲ್ಲಿ ಹೇಳಲಿಲ್ಲ. ಬಸ್ಸಿಗೆ ಬಿಡುವಾಗ ಎರಡು ಪ್ರಶ್ನೆ ಬರೆದುಕೊಟ್ಟೆ: ಸೀರಿಯಲ್ ನಂಬರ್ ಇರುವ ಕಾರ್ಡ್ ಕೊಡ್ತೀರಾ? ಮುಂದೆ ತೆಗೆಯೋಕೆ ಎಷ್ಟು? ಅವಳು ಬಸ್ಸಿನಿಂದಲೇ ಆ ಕ್ಲಿನಿಕ್‌ನ ವಾಟ್ಸ್ಆ್ಯಪ್‌ಗೆ ಕಳಿಸಿದಳು. ಚಿತ್ರದುರ್ಗ ಬರುವಷ್ಟರಲ್ಲಿ ಉತ್ತರ ಬಂತಂತೆ, ನನಗೂ ಕಳಿಸಿದ್ದಾಳೆ. 'ಡಿಯರ್, ಆಫರ್ ಈ ಭಾನುವಾರದವರೆಗೆ ಮಾತ್ರ. ಅಪಾಯಿಂಟ್‌ಮೆಂಟ್ ಬುಕ್ ಮಾಡೋಣವೇ?'